ಗಲ್ಲಾದ ಲೆಕ್ಕ, ಕ್ಯೂಆರ್ ಲೆಕ್ಕ: ಹುಬ್ಬಳ್ಳಿ–ಹಾವೇರಿ ಕಡೆಯ ಸಣ್ಣ ಅಂಗಡಿಗೆ ಜಿಎಸ್‌ಟಿ ಗೆರೆ ಎಲ್ಲಿ ಬೀಳುತ್ತದೆ

2025ರ ಜುಲೈನಲ್ಲಿ ಹಾವೇರಿಯ ಕಾಯಿಪಲ್ಲೆ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿ ಜಿಎಸ್‌ಟಿ ಕಟ್ಟುವಂತೆ ನೋಟಿಸ್ ಬಂದ ಸುದ್ದಿ ರಾಜ್ಯವನ್ನೆಲ್ಲ ಸುತ್ತಿತು. ನಾಲ್ಕು ವರ್ಷದಲ್ಲಿ ಅವರ ಖಾತೆಗೆ ಯುಪಿಐ ಮೂಲಕ 1.63 ಕೋಟಿ ರೂಪಾಯಿ ಬಂದಿದೆ ಎಂಬುದು ಅದಕ್ಕೆ ಆಧಾರ. ಭಾಗಿಸಿ ನೋಡಿದರೆ ವರ್ಷಕ್ಕೆ 40.75 ಲಕ್ಷ, ಅಂದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ 40 ಲಕ್ಷದ ಗೆರೆಯನ್ನು ಕೂದಲೆಳೆಯಷ್ಟು ದಾಟಿದ ವ್ಯಾಪಾರ. ಇನ್ನು 29 ಲಕ್ಷ ಎಂಬುದು 1.63 ಕೋಟಿಯ ಸುಮಾರು ಶೇ 18. ಖಾತೆಗೆ ಬಿದ್ದ ಪ್ರತಿ ರೂಪಾಯಿಯನ್ನೂ ಮಾರಾಟವೆಂದು, ಪ್ರತಿ ಮಾರಾಟವನ್ನೂ ಶೇ 18ರ ಸರಕೆಂದು ಹಿಡಿದಾಗ ಬರುವಂಥ ಮೊತ್ತ ಅದು. ತಾಜಾ ಕಾಯಿಪಲ್ಲೆಗೆ ಜಿಎಸ್‌ಟಿಯೇ ಇಲ್ಲ.

ಆ ತಿಂಗಳು ನೋಟಿಸ್ ಹೋದದ್ದು ಇವರೊಬ್ಬರಿಗೇ ಅಲ್ಲ. 2021–22ರಿಂದ 2024–25ರವರೆಗಿನ ಯುಪಿಐ ಜಮೆಯ ವಿವರವನ್ನು ಪಾವತಿ ಸಂಸ್ಥೆಗಳಿಂದ ತರಿಸಿಕೊಂಡಿದ್ದ ವಾಣಿಜ್ಯ ತೆರಿಗೆ ಇಲಾಖೆ, ನೋಂದಣಿ ಇಲ್ಲದೆ ಮಿತಿ ದಾಟಿದಂತೆ ಕಂಡ ಬೇಕರಿ, ಚಾದಂಗಡಿ, ಕಿರಾಣಿ, ಕಾಂಡಿಮೆಂಟ್ಸ್‌ಗಳಿಗೆಲ್ಲ ಕಾಗದ ಕಳಿಸಿತ್ತು. ಜುಲೈ 25ಕ್ಕೆ ಬಂದ್ ಎಂದು ವ್ಯಾಪಾರಿಗಳು ಹೊರಟರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳೊಂದಿಗೆ ಸಭೆ ನಡೆಸಿ, ತೆರಿಗೆ ಇಲ್ಲದ ಸರಕು ಮಾರುವವರ ಮೇಲೆ ಕ್ರಮ ಇಲ್ಲ, ಮಿತಿ ದಾಟಿದವರು ಮಾತ್ರ ನೋಂದಣಿ ಮಾಡಿಸಲೇಬೇಕು ಎಂದ ಮೇಲೆ ಬಂದ್ ಕರೆ ಹಿಂದೆ ಸರಿಯಿತು.

ಗದ್ದಲ ತಣ್ಣಗಾಯಿತು. ಅದನ್ನು ಹುಟ್ಟಿಸಿದ ಸ್ಥಿತಿ ಮಾತ್ರ ದುರ್ಗದಬೈಲಿನಲ್ಲೂ ಬೆಟಗೇರಿಯಲ್ಲೂ ರಾಣೆಬೆನ್ನೂರಿನಲ್ಲೂ ಇದ್ದ ಹಾಗೇ ಇದೆ. ತನಗೆ ಯಾವ ಮಿತಿ ಲಾಗೂ ಆಗುತ್ತದೆ ಎಂಬುದು ಬಹಳಷ್ಟು ಅಂಗಡಿಕಾರರಿಗೆ ಗೊತ್ತಿಲ್ಲ. ಕ್ಯೂಆರ್ ಹಾಳೆ ಕಿತ್ತರೆ ಕೆಲಸ ಮುಗಿಯಿತು ಎಂಬ ನಂಬಿಕೆ ಬೇರೆ. ತೆರಿಗೆ ಕಾನೂನು ಎಣಿಸುವುದು ಕೈ ದಾಟಿ ಹೋದ ಒಟ್ಟು ವಹಿವಾಟನ್ನು. ಅಂಗಡಿಕಾರ ಎಣಿಸುವುದು ರಾತ್ರಿ ಬಾಗಿಲು ಹಾಕುವಾಗ ಗಲ್ಲಾದಲ್ಲಿ ಉಳಿದದ್ದನ್ನು. ಈ ಎರಡರ ನಡುವಿನ ಅಂತರ ಸಣ್ಣ ವ್ಯಾಪಾರದಲ್ಲಿ ಎಷ್ಟು ದೊಡ್ಡದು ಎಂಬುದನ್ನು ಇಲಾಖೆಯೂ ನೋಡಲಿಲ್ಲ, ವಹಿ ಬರೆಯದ ಅಂಗಡಿಕಾರನ ಕೈಯಲ್ಲಿ ತೋರಿಸಲಿಕ್ಕೂ ಆಗಲಿಲ್ಲ.

40 ಲಕ್ಷ ಎಲ್ಲರಿಗೂ ಅಲ್ಲ

"40 ಲಕ್ಷದ ತನಕ ಏನೂ ಇಲ್ಲ" ಎಂಬ ಮಾತು ಪೇಟೆಯಲ್ಲಿ ಬಾಯಿಪಾಠವಾಗಿದೆ. ಅರ್ಧ ಸತ್ಯ. 2019ರ ಏಪ್ರಿಲ್ 1ರಿಂದ 40 ಲಕ್ಷದ ಮಿತಿ ಸಿಕ್ಕಿದ್ದು ಬರೀ ಸರಕು ಮಾರುವವರಿಗೆ. ಸೇವೆ ಕೊಡುವವರಿಗೆ 2017ರ ಜುಲೈನಲ್ಲಿ ಇದ್ದ 20 ಲಕ್ಷವೇ ಇನ್ನೂ ಇದೆ. ದಿನದ ಲೆಕ್ಕಕ್ಕೆ ಇಳಿಸಿದರೆ 40 ಲಕ್ಷ ಎಂದರೆ ವರ್ಷವಿಡೀ ದಿನಕ್ಕೆ 10,959 ರೂಪಾಯಿ. 20 ಲಕ್ಷ ಎಂದರೆ 5,479 ರೂಪಾಯಿ. ಎರಡನೆಯದನ್ನು ಬಸ್ ಸ್ಟ್ಯಾಂಡ್ ಎದುರಿನ ಯಾವ ಚಾದಂಗಡಿಯೂ ಸಲೀಸಾಗಿ ದಾಟುತ್ತದೆ.

ಕೂತು ತಿನ್ನುವ, ಬಡಿಸಿ ಕೊಡುವ ವ್ಯಾಪಾರ ಕಾನೂನಿನ ಕಣ್ಣಿಗೆ ಸೇವೆ. ಹಾಗಾಗಿ ಖಾನಾವಳಿ, ಮೆಸ್, ಚಹಾ–ಮಿರ್ಚಿ ಭಜಿ ಹೋಟೆಲು ಎಲ್ಲಕ್ಕೂ 20 ಲಕ್ಷವೇ ಮಿತಿ. ಅದೇ ಭಜಿ ಅಂಗಡಿಯ ಪಕ್ಕದಲ್ಲಿ ಚುರಮುರಿ, ಶೇಂಗಾ ಪೊಟ್ಟಣ ಮಾರುವವನಿಗೆ 40 ಲಕ್ಷ.

ಇಲ್ಲಿ ಎಡವುವವರು ಹೆಚ್ಚಾಗಿ ಎರಡನ್ನೂ ಬೆರೆಸಿದವರು. ಕಿರಾಣಿ ಅಂಗಡಿಯ ಹಿಂದೆ ಹಿಟ್ಟಿನ ಗಿರಣಿ ಇದ್ದರೆ ಬೀಸಿಕೊಟ್ಟ ಕೂಲಿ ಸೇವೆ. ಮೊಬೈಲ್ ಅಂಗಡಿಯಲ್ಲಿ ರಿಪೇರಿ ಮಾಡಿದರೆ ಸೇವೆ. ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದರೆ, ಅದು ಮನೆ ಬಾಡಿಗೆಯಾಗಿ ತೆರಿಗೆ ಇಲ್ಲದ್ದಾದರೂ, ಅದೂ ಸೇವೆಯೇ. "ಬರೀ ಸರಕು" ಎಂಬ ಮಾತು ತಪ್ಪಿತೆಂದರೆ 40 ಲಕ್ಷ ಕೈಬಿಟ್ಟು 20 ಲಕ್ಷಕ್ಕೆ ಇಳಿಯಬೇಕು. ವಿನಾಯಿತಿ ಇರುವುದು ಠೇವಣಿ, ಸಾಲದ ಬಡ್ಡಿಗೆ ಮಾತ್ರ.

ಅದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ಇನ್ನೊಂದು ಕಟ್ಟು ಇದೆ. ಐಸ್‌ಕ್ರೀಂ, ಪಾನ್ ಮಸಾಲಾ, ತಂಬಾಕಿನ ಪದಾರ್ಥ ಮಾರುವವರಿಗೆ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ. 2022ರಿಂದ ಇಟ್ಟಂಗಿ, ಹಂಚು ಕೂಡ ಆ ಪಟ್ಟಿಗೆ ಸೇರಿವೆ. ಅಂದರೆ ಓಣಿಯ ಕಿರಾಣಿ ಅಂಗಡಿಯ ಎದುರು ಗುಟ್ಕಾ ಸರ ತೂಗಿಬಿದ್ದಿದ್ದರೆ, ಗಾಜಿನ ಡಬ್ಬಿಯಲ್ಲಿ ಬಿಡಿ ಸಿಗರೇಟ್ ಇದ್ದರೆ, ಕಾಗದದ ಪ್ರಕಾರ ಮಿತಿ 20 ಲಕ್ಷ. ಸಿಗರೇಟಿನಲ್ಲಿ ಉಳಿಯುವುದು ಅಷ್ಟಕ್ಕಷ್ಟೇ, ವಹಿವಾಟನ್ನು ಮಾತ್ರ ಅದು ಸರ್ರನೆ ಏರಿಸುತ್ತದೆ. ಪಾನ್ ಅಂಗಡಿಯವರಿಗೆ ನೋಟಿಸ್ ಬಂದಾಗ "ನಮ್ಮದೇನು ಮಹಾ ವ್ಯಾಪಾರ" ಎಂಬ ಬೆರಗು ಬಂದದ್ದು ಇದೇ ಕಾರಣಕ್ಕೆ.

ತೆರಿಗೆ ಇಲ್ಲದ ಸರಕಿನದು ಬೇರೆ ಕಥೆ. ಬರೀ ಕಾಯಿಪಲ್ಲೆ, ಹಾಲು, ಬಿಡಿ ಜೋಳ–ಅಕ್ಕಿ ಇಂಥವನ್ನಷ್ಟೇ ಮಾರುವವರು ಜಿಎಸ್‌ಟಿ ಕಾಯ್ದೆಯ 23ನೇ ಕಲಂ ಪ್ರಕಾರ ನೋಂದಣಿ ಮಾಡಿಸಬೇಕಿಲ್ಲ, ವಹಿವಾಟು ಕೋಟಿ ದಾಟಿದರೂ ಸರಿ. ತಾನು ಬೆಳೆದದ್ದನ್ನು ಮಾರುವ ರೈತನಿಗೂ ಹಾಗೆಯೇ. ಆದರೆ ಆ ಸಾಲಿನ ನಡುವೆ ತೆರಿಗೆ ಇರುವ ಒಂದೇ ಒಂದು ಸರಕು ಬಂದು ಕೂತರೆ ಲೆಕ್ಕ ತಿರುಗುತ್ತದೆ. ಮಿತಿ ದಾಟಿತೋ ಇಲ್ಲವೋ ಎಂದು ನೋಡುವಾಗ ತೆರಿಗೆ ಇಲ್ಲದ ಮಾರಾಟವನ್ನೂ ಕೂಡಿಸಬೇಕು ಎಂಬುದು ನಿಯಮ.

ರೊಟ್ಟಿ ಕೇಂದ್ರದ ಉದಾಹರಣೆ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಚಪಾತಿ, ರೊಟ್ಟಿಯ ಮೇಲಿದ್ದ ಶೇ 5 ಹೋಗಿ ಶೂನ್ಯವಾಯಿತು. ವರ್ಷಕ್ಕೆ 45 ಲಕ್ಷದ ರೊಟ್ಟಿಯನ್ನಷ್ಟೇ ಮಾರುವ ಕೇಂದ್ರಕ್ಕೆ ಈಗ ನೋಂದಣಿ ಬೇಡ. ಅದೇ ಕೇಂದ್ರ ಎರಡು ಲಕ್ಷದ ಶೇಂಗಾ ಚಟ್ನಿ ಪುಡಿಯನ್ನೂ ಮಾರಿತೆನ್ನಿ. ಒಟ್ಟು 47 ಲಕ್ಷ, ನೋಂದಣಿ ಕಡ್ಡಾಯ. ತೆರಿಗೆ ಮಾತ್ರ ಎರಡು ಲಕ್ಷದ ಚಟ್ನಿ ಪುಡಿಯ ಮೇಲೆ, ಶೇ 5ರಂತೆ ಹತ್ತು ಸಾವಿರ. ಹತ್ತು ಸಾವಿರ ಕಟ್ಟುವುದು ಕಷ್ಟವಲ್ಲ. ನೋಂದಣಿಯೇ ಇಲ್ಲದೆ ನಾಲ್ಕು ವರ್ಷ ಕಳೆದು, ಆಮೇಲೆ 47 ಲಕ್ಷದಲ್ಲಿ 45 ಲಕ್ಷ ರೊಟ್ಟಿಯದೇ ಎಂದು ಸಾಬೀತು ಮಾಡುವುದು ಕಷ್ಟ.

ಕಿರಾಣಿಯಲ್ಲಿ "ಬಿಡಿ" ಎಂದರೆ ಏನು ಎಂಬುದೂ ತಿಳಿದಿರಬೇಕು. 2022ರ ಜುಲೈ 18ರಿಂದ 25 ಕಿಲೊ ತನಕದ, ಮೊದಲೇ ಕಟ್ಟಿದ ಲೇಬಲ್ ಪೊಟ್ಟಣದ ಅಕ್ಕಿ, ಬೇಳೆ, ಹಿಟ್ಟು, ಬೆಲ್ಲ, ಚುರಮುರಿಗೆ ಶೇ 5 ಇದೆ. ಚೀಲ ಬಿಚ್ಚಿ ಗಿರಾಕಿಯ ಎದುರು ತೂಗಿ ಕೊಟ್ಟರೆ ತೆರಿಗೆ ಇಲ್ಲ. ಬೆಳಗಿನ ಗಡಿಬಿಡಿ ತಪ್ಪಿಸಲು ರಾತ್ರಿಯೇ ಒಂದೊಂದು ಕಿಲೊ ಕಟ್ಟಿಟ್ಟರೆ ಅದು ಬಿಡಿ ಸರಕಲ್ಲ. ತೂಕ–ಅಳತೆ ಕಾಯ್ದೆಯ ಪ್ರಕಾರ ಅಂಥ ಪೊಟ್ಟಣದ ಮೇಲೆ ವಿವರ ಇರಲೇಬೇಕು. ಲೇಬಲ್ ಹಚ್ಚದಿದ್ದರೆ ತಪ್ಪು ಒಂದರ ಜಾಗದಲ್ಲಿ ಎರಡಾಗುತ್ತದೆ, ಅಷ್ಟೇ.

ಬ್ಯಾಡಗಿ ಕಡೆಯ ಮನೆ ಉದ್ಯಮಗಳಿಗೆ ಒಂದು ಮಾತು. ಒಣಮೆಣಸಿನಕಾಯಿಗೂ ಖಾರದ ಪುಡಿಗೂ ಶೇ 5 ತೆರಿಗೆ ಇದೆ. ವಾಟ್ಸಾಪಿನಲ್ಲಿ ಆರ್ಡರ್ ಹಿಡಿದು ಪುಣೆಗೋ ಕೊಲ್ಲಾಪುರಕ್ಕೋ ಪುಡಿ ಕಳಿಸಿದರೆ ಅದು ಅಂತರರಾಜ್ಯ ಮಾರಾಟ. ಅಲ್ಲಿಗೆ 40 ಲಕ್ಷವೂ ಇಲ್ಲ, 20 ಲಕ್ಷವೂ ಇಲ್ಲ, ಮೊದಲ ಪಾರ್ಸೆಲ್‌ನಿಂದಲೇ ನೋಂದಣಿ ಬೇಕು. ಹುಬ್ಬಳ್ಳಿ, ಬೆಂಗಳೂರಿಗೆ ಎಷ್ಟು ಕಳಿಸಿದರೂ ಈ ತೊಡಕು ಇಲ್ಲ.

ಖಾನಾವಳಿಯ ಒಂದು ವರ್ಷ

20 ಲಕ್ಷ ಎಂಬ ಮಿತಿ ಎಷ್ಟು ಕೆಳಗಿದೆ ಎಂಬುದು ಖಾನಾವಳಿಯ ಲೆಕ್ಕದಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ. ಧಾರವಾಡದ ಸಪ್ತಾಪುರದಲ್ಲೋ ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಗಂಡ–ಹೆಂಡತಿ ನಡೆಸುವ ಮಧ್ಯಮ ಗಾತ್ರದ ಖಾನಾವಳಿ ಎಂದುಕೊಳ್ಳಿ. ತಿಂಗಳ ಲೆಕ್ಕದ 60 ಹುಡುಗರು, ತಲಾ 3,000 ರೂಪಾಯಿ. ಕಾಲೇಜು ರಜೆ ಬಿಟ್ಟು ಹತ್ತು ತಿಂಗಳಿಗೆ 18 ಲಕ್ಷ. ಬಂದು ಹೋಗುವ ಗಿರಾಕಿಗಳಿಗೆ ದಿನಕ್ಕೆ 20 ತಾಟು, 90 ರೂಪಾಯಿಯಂತೆ 300 ದಿನಕ್ಕೆ 5.4 ಲಕ್ಷ. ಒಟ್ಟು 23.4 ಲಕ್ಷ.

ಖರ್ಚು: ಕಿರಾಣಿ, ಕಾಯಿಪಲ್ಲೆ, ಹಾಲು–ಮೊಸರಿಗೆ ಅರ್ಧ ಹೋಗುತ್ತದೆ, 11.7 ಲಕ್ಷ. ರೊಟ್ಟಿ ಬಡಿಯಲು, ಅಡುಗೆಗೆ, ಪಾತ್ರೆಗೆ ಮೂವರು ಹೆಣ್ಣುಮಕ್ಕಳು, ತಲಾ ತಿಂಗಳಿಗೆ ಹತ್ತು ಸಾವಿರ, 3.6 ಲಕ್ಷ. ಬಾಡಿಗೆ ತಿಂಗಳಿಗೆ 15 ಸಾವಿರದಂತೆ 1.8 ಲಕ್ಷ. ವಾಣಿಜ್ಯ ಸಿಲಿಂಡರಿಗೆ ಒಂದು ಲಕ್ಷ, ವಿದ್ಯುತ್–ನೀರಿಗೆ 60 ಸಾವಿರ, ಪಾತ್ರೆ, ರಿಪೇರಿ, ಪರವಾನಗಿ ಅಂತ 50 ಸಾವಿರ. ಎಲ್ಲ ಕೂಡಿದರೆ 19.2 ಲಕ್ಷ. ಉಳಿಯುವುದು 4.2 ಲಕ್ಷ, ಬೆಳಗಿನ ಐದರಿಂದ ರಾತ್ರಿ ಹತ್ತರ ತನಕ ದುಡಿಯುವ ಇಬ್ಬರಿಗೆ ತಿಂಗಳಿಗೆ 35 ಸಾವಿರ. ಅದರಲ್ಲೂ ಹುಡುಗರು ಉದ್ರಿ ಉಳಿಸಿ ರೂಮು ಖಾಲಿ ಮಾಡಿದ ನಷ್ಟ ಸೇರಿಲ್ಲ.

23.4 ಲಕ್ಷದ ಮೇಲೆ ಶೇ 5 ಎಂದರೆ 1.17 ಲಕ್ಷ. ಕೇಳುವಾಗ ಶೇ 5. ಮನೆಗೆ ಒಯ್ಯುವ ದುಡ್ಡಿನ ಲೆಕ್ಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಈ ಗೆರೆಗೆ ಇಳಿಜಾರೂ ಇಲ್ಲ. 19.9 ಲಕ್ಷದ ಖಾನಾವಳಿ ಏನೂ ಕಟ್ಟುವುದಿಲ್ಲ. ಗೆರೆ ದಾಟಿ ನೋಂದಣಿಯಾದದ್ದು ಮುಂದಿನ ವರ್ಷ ಏಪ್ರಿಲ್ 1ರ ಮೊದಲ ತಾಟಿನಿಂದಲೇ ಕಟ್ಟಬೇಕು. ಸರಕಿನ ಮಿತಿಯನ್ನು 2019ರಲ್ಲಿ ಎರಡು ಪಟ್ಟು ಮಾಡಿ, ಅನ್ನ ಹಾಕುವವರ ಮಿತಿಯನ್ನು 2017ರ ಬೆಲೆಗೇ ಕಟ್ಟಿಹಾಕಿದ್ದಕ್ಕೆ ಒಪ್ಪುವಂಥ ಕಾರಣ ಕಾಣುವುದಿಲ್ಲ. ಗದ್ದಲದ ದಿನಗಳಲ್ಲಿ ಹಳೆ ನೋಟಿಸಿನ ಬಗ್ಗೆ ಆದಷ್ಟು ಚರ್ಚೆ ಈ ಬಗ್ಗೆ ಆಗಲಿಲ್ಲ. ಮಿತಿ ಬದಲಿಸುವುದು ಬೆಂಗಳೂರಿನ ಕೈಯಲ್ಲಿಲ್ಲ, ಜಿಎಸ್‌ಟಿ ಮಂಡಳಿಯಲ್ಲಿ ಆಗಬೇಕು ಎಂಬುದೂ ಅದಕ್ಕೊಂದು ಕಾರಣ ಇರಬಹುದು.

ದಾಟಿದವರ ಎದುರು ಇರುವ ದಾರಿ ಒಂದೇ, ದರ ಏರಿಸುವುದು. ತಿಂಗಳಿಗೆ 3,000 ಇದ್ದದ್ದನ್ನು 3,150 ಮಾಡಿದರೆ ತೆರಿಗೆಯ ಭಾರ ಹೆಚ್ಚುಕಡಿಮೆ ಸರಿಹೋಗುತ್ತದೆ. ಪಕ್ಕದ ಓಣಿಯ ನೋಂದಣಿ ಇಲ್ಲದ ಮೆಸ್ 3,000ದಲ್ಲೇ ನಿಂತಿದ್ದರೆ ಏರಿಸುವುದು ಹೇಳಿದಷ್ಟು ಸುಲಭವಲ್ಲ.

ಕಾಂಪೊಸಿಷನ್ ಯಾರಿಗೆ ಲಾಭ

ನೋಂದಣಿ ಮಾಡಿಸುವಾಗ ಎರಡು ಬಾಗಿಲು. ಒಂದು ಸಾಮಾನ್ಯ ಜಿಎಸ್‌ಟಿ: ಮಾರಿದ್ದರ ತೆರಿಗೆಯಲ್ಲಿ ಕೊಂಡದ್ದರ ತೆರಿಗೆ ಕಳೆದು ಉಳಿದದ್ದನ್ನು ಕಟ್ಟುವುದು. ಇನ್ನೊಂದು ರಾಜಿ ತೆರಿಗೆ, ಎಲ್ಲರ ಬಾಯಲ್ಲಿ ಕಾಂಪೊಸಿಷನ್: ವಹಿವಾಟು ಒಂದೂವರೆ ಕೋಟಿಯ ಒಳಗಿದ್ದರೆ ವ್ಯಾಪಾರಿಗೆ, ತಯಾರಕನಿಗೆ ಶೇ 1, ಹೋಟೆಲಿಗೆ ಶೇ 5. ಮೂರು ತಿಂಗಳಿಗೊಮ್ಮೆ 18ನೇ ತಾರೀಕಿನೊಳಗೆ ಸಿಎಂಪಿ-08 ಎಂಬ ನಮೂನೆಯಲ್ಲಿ ಹಣ ಕಟ್ಟುವುದು, ವರ್ಷಕ್ಕೊಮ್ಮೆ ಜೂನ್ 30ರೊಳಗೆ ಜಿಎಸ್‌ಟಿಆರ್-4 ಎಂಬ ರಿಟರ್ನ್ ಹಾಕುವುದು. ಗಿರಾಕಿಯಿಂದ ತೆರಿಗೆ ಎಂದು ಬೇರೆ ಹಣ ತೆಗೆದುಕೊಳ್ಳುವಂತಿಲ್ಲ, ಖರೀದಿಯ ತೆರಿಗೆ ವಾಪಸ್ ಸಿಗುವುದಿಲ್ಲ, ಹೊರ ರಾಜ್ಯಕ್ಕೆ ಮಾರುವಂತಿಲ್ಲ.

ಖಾನಾವಳಿಗೆ ಎರಡರಲ್ಲೂ ಶೇ 5, ಎರಡರಲ್ಲೂ ಖರೀದಿ ತೆರಿಗೆ ವಾಪಸ್ ಇಲ್ಲ. ಹಾಗಾದರೆ ಎರಡೂ ಒಂದೇ ಎನ್ನಿಸುತ್ತದೆ. ತಕ್ಕಡಿ ವಾಲಿಸುವುದು ಬಾಡಿಗೆ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ಮಾಲೀಕನ ವಾಣಿಜ್ಯ ಜಾಗವನ್ನು ನೋಂದಣಿ ಇರುವವನು ಬಾಡಿಗೆಗೆ ಹಿಡಿದರೆ ಬಾಡಿಗೆಯ ಮೇಲಿನ ಶೇ 18 ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕು. ಹುಬ್ಬಳ್ಳಿ, ಗದಗದ ಹಳೆ ಪೇಟೆಯಲ್ಲಿ ನೋಂದಣಿ ಇರುವ ಕಟ್ಟಡ ಮಾಲೀಕರು ಸಿಗುವುದೇ ಅಪರೂಪ. 15 ಸಾವಿರ ಬಾಡಿಗೆಗೆ ತಿಂಗಳಿಗೆ 2,700, ವರ್ಷಕ್ಕೆ 32,400 ರೂಪಾಯಿ, ಖಾನಾವಳಿಗೆ ಇದು ತಿರುಗಿ ಬಾರದ ಹಣ. 2025ರ ಜನವರಿ 16ರಿಂದ ಕಾಂಪೊಸಿಷನ್‌ನವರನ್ನು ಇದರಿಂದ ಬಿಟ್ಟಿದ್ದಾರೆ. ಬಾಡಿಗೆ ಜಾಗದ ಖಾನಾವಳಿಗೆ ಕಾಂಪೊಸಿಷನ್ನೇ ಸರಿ ಎನ್ನಲು ಇಷ್ಟು ಸಾಕು.

ಕಿರಾಣಿಯ ಲೆಕ್ಕ ಬೇರೆ, ಸೆಪ್ಟೆಂಬರ್ 22ರ ದರ ಇಳಿಕೆಯ ನಂತರವಂತೂ ಉಲ್ಟಾ. ದಿನಕ್ಕೆ 15 ಸಾವಿರ ವ್ಯಾಪಾರ, 350 ದಿನ, ಒಟ್ಟು 52.5 ಲಕ್ಷ ಎಂದುಕೊಳ್ಳಿ. ಅದರಲ್ಲಿ ಶೇ 40, ಅಂದರೆ 21 ಲಕ್ಷ, ಬಿಡಿ ಕಾಳು–ಕಡಿ, ಹಾಲು, ಕಾಯಿಪಲ್ಲೆ. ತೆರಿಗೆ ಇರುವುದು 31.5 ಲಕ್ಷಕ್ಕೆ. ಕಾಂಪೊಸಿಷನ್ ವ್ಯಾಪಾರಿಗೆ ಶೇ 1 ಬೀಳುವುದು ಈ 31.5 ಲಕ್ಷದ ಮೇಲೆ ಮಾತ್ರ, 31,500 ರೂಪಾಯಿ. ನೋಟಿಸಿನ ರೀತಿಯಲ್ಲಿ 52.5 ಲಕ್ಷಕ್ಕೆ ಶೇ 18 ಹಾಕಿದರೆ 9.45 ಲಕ್ಷ. ಒಂದೇ ಅಂಗಡಿ, ಒಂದೇ ವರ್ಷ, ಎರಡು ಲೆಕ್ಕದ ನಡುವೆ ಮೂವತ್ತು ಪಟ್ಟು ಅಂತರ.

ಇನ್ನು ಸಾಮಾನ್ಯ ಜಿಎಸ್‌ಟಿಯಲ್ಲಿ ತೆರಿಗೆ ಬೀಳುವುದು ಮಾರ್ಜಿನ್ ಮೇಲೆ. ಸೋಪು, ಪೇಸ್ಟ್, ಶಾಂಪೂ, ಬಿಸ್ಕತ್ತು ಶೇ 18ರಿಂದ 5ಕ್ಕೆ, ತುಪ್ಪ, ಬೆಣ್ಣೆ, ಖಾರದ ತಿನಿಸು ಶೇ 12ರಿಂದ 5ಕ್ಕೆ ಇಳಿದ ಮೇಲೆ ಕಿರಾಣಿಯ ಹೆಚ್ಚಿನ ಸರಕು ಶೇ 5ರಲ್ಲೇ ಇದೆ. 31.5 ಲಕ್ಷದಲ್ಲಿ ಶೇ 10 ಮಾರ್ಜಿನ್ ಎಂದರೆ 3.15 ಲಕ್ಷ, ಅದರೊಳಗಿನ ಶೇ 5ರ ತೆರಿಗೆ 15 ಸಾವಿರ. ಎಲ್ಲವೂ ಶೇ 18ರ ಸರಕಾಗಿದ್ದರೆ ಇದೇ 48 ಸಾವಿರ ಆಗುತ್ತಿತ್ತು. ಅಂದರೆ ಹಿಂದೆ ಕಣ್ಣು ಮುಚ್ಚಿ "ಕಾಂಪೊಸಿಷನ್ ತಗೋರಿ" ಎನ್ನುತ್ತಿದ್ದ ಸಲಹೆ ಈಗ ಎಲ್ಲರಿಗೂ ಹೊಂದುವುದಿಲ್ಲ. ಮಾರ್ಜಿನ್ ಶೇ 20ಕ್ಕಿಂತ ಕಡಿಮೆ ಇದ್ದು ಸರಕು ಶೇ 5ರದ್ದಾದರೆ ಸಾಮಾನ್ಯ ಜಿಎಸ್‌ಟಿಯ ತೆರಿಗೆಯೇ ಕಡಿಮೆ.

ಆದರೆ ಆ 15 ಸಾವಿರಕ್ಕೆ ಷರತ್ತುಗಳಿವೆ. ಖರೀದಿಯ ಪ್ರತಿ ಬಿಲ್ಲಿನಲ್ಲೂ ಅಂಗಡಿಯ ಜಿಎಸ್‌ಟಿ ಸಂಖ್ಯೆ ಇರಬೇಕು, ಮಾರಿದವನು ಅದನ್ನು ತನ್ನ ರಿಟರ್ನಿನಲ್ಲಿ ತೋರಿಸಿರಬೇಕು. ಕಚ್ಚಾ ಚೀಟಿಯ ಮೇಲೆ ತಂದ ಸರಕಿಗೆ ಏನೂ ವಾಪಸ್ ಸಿಗುವುದಿಲ್ಲ, ಆಗ ಪೂರ್ತಿ ಶೇ 5 ಕೈಯಿಂದ ಹೋಗುತ್ತದೆ. ಅಂಗಡಿ ಬಾಡಿಗೆಯ ಶೇ 18ರಲ್ಲಿ ತೆರಿಗೆ ಇಲ್ಲದ ಸರಕಿನ ಪಾಲು, ಇಲ್ಲಿ ಶೇ 40, ವಾಪಸ್ ಬರುವುದಿಲ್ಲ. ಹತ್ತು ಸಾವಿರ ಬಾಡಿಗೆಗೆ ವರ್ಷಕ್ಕೆ 8,640 ರೂಪಾಯಿ. ಲೆಕ್ಕ ಬರೆಯುವವರ ಫೀ ಬೇರೆ. ಕಂಪನಿ ಡಿಸ್ಟ್ರಿಬ್ಯೂಟರ್‌ಗಳಿಂದ ಪಕ್ಕಾ ಬಿಲ್ಲಿನ ಮೇಲೆಯೇ ಸರಕು ಇಳಿಸಿಕೊಳ್ಳುವ, ಸ್ವಂತ ಜಾಗದ ಅಂಗಡಿಗೆ ಸಾಮಾನ್ಯ ಜಿಎಸ್‌ಟಿ. ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಯಿಂದಲೋ ಪೇಟೆಯ ಹೋಲ್‌ಸೇಲ್ ಅಂಗಡಿಗಳಿಂದಲೋ ಚೀಟಿಯ ಮೇಲೆ ಅರ್ಧ ಸರಕು ತರುವವರಿಗೆ ಕಾಂಪೊಸಿಷನ್. ಸಾಮಾನ್ಯ ಜಿಎಸ್‌ಟಿಯಿಂದ ಕಾಂಪೊಸಿಷನ್‌ಗೆ ಬರಬೇಕೆಂದರೆ ಸಿಎಂಪಿ-02 ಅರ್ಜಿಯನ್ನು ಮಾರ್ಚ್ 31ರೊಳಗೆ ಹಾಕಬೇಕು. ವರ್ಷದ ನಡುವೆ ಆಗುವುದಿಲ್ಲ.

ಕ್ಯೂಆರ್ ಕಿತ್ತರೆ

ಯುಪಿಐ ಪಾವತಿಯ ಮೇಲೆ ಜಿಎಸ್‌ಟಿ ಇಲ್ಲ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಯಿಂದ ಶುಲ್ಕವನ್ನೂ ತೆಗೆದುಕೊಳ್ಳುವುದಿಲ್ಲ; ಹೋಗುವುದು ಸೌಂಡ್‌ಬಾಕ್ಸಿನ ಬಾಡಿಗೆ ಮಾತ್ರ. ನಗದಿನಲ್ಲಿ ಮಾರಿದರೂ ವಹಿವಾಟು ವಹಿವಾಟೇ. ಹಾಳೆ ಕಿತ್ತವರು ಎರಡು ಕಡೆಯಿಂದ ಮತ್ತೆ ಕಾಣುತ್ತಾರೆ. ಉಳಿತಾಯ ಖಾತೆಗೆ ವರ್ಷಕ್ಕೆ ಹತ್ತು ಲಕ್ಷ, ಚಾಲ್ತಿ ಖಾತೆಗೆ 50 ಲಕ್ಷ ನಗದು ತುಂಬಿದರೆ ಬ್ಯಾಂಕು ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು. ಕಂಪನಿ ಸರಕು ಇಳಿಸುವ ಡಿಸ್ಟ್ರಿಬ್ಯೂಟರ್‌ನ ಪುಸ್ತಕದಲ್ಲಿ ಅಂಗಡಿಯ ಹೆಸರು, ಮೊತ್ತ ಎರಡೂ ಇರುತ್ತವೆ. ಇದರ ಜೊತೆಗೆ, ಕಿಸೆಯಲ್ಲಿ ಹತ್ತು ರೂಪಾಯಿ ನೋಟೂ ಇಲ್ಲದ ಕಾಲೇಜು ಹುಡುಗ ಎದುರಿನ ಅಂಗಡಿಗೆ ಹೋಗುತ್ತಾನೆ.

ಆದಾಯ ತೆರಿಗೆಯಲ್ಲಿ ಯುಪಿಐ ಲಾಭವೇ. 44ಎಡಿ ಎಂದೇ ಹೆಸರಾದ ಅಂದಾಜು ಪದ್ಧತಿಯಲ್ಲಿ ನಗದು ಮಾರಾಟದ ಶೇ 8ನ್ನು ಆದಾಯವೆಂದು ತೋರಿಸಬೇಕು. ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6 ಸಾಕು. 52.5 ಲಕ್ಷವೂ ಕ್ಯೂಆರ್‌ನಲ್ಲೇ ಬಂತು ಎಂದರೂ ಕನಿಷ್ಠ ತೋರಿಸಬೇಕಾದ ಆದಾಯ 3.15 ಲಕ್ಷ. ಹೊಸ ಪದ್ಧತಿಯಲ್ಲಿ ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆಯೇ ಇಲ್ಲ.

ತೊಂದರೆ ಇರುವುದು ಕ್ಯೂಆರ್‌ನಲ್ಲಲ್ಲ, ಅದು ಯಾವ ಖಾತೆಗೆ ಜೋಡಿಸಿದೆ ಎಂಬುದರಲ್ಲಿ. ಹೆಚ್ಚಿನವರದು ಮನೆಯ ಉಳಿತಾಯ ಖಾತೆ. ಅದಕ್ಕೇ ಬೆಂಗಳೂರಿನ ಮಗ ಕಳಿಸುವ ದುಡ್ಡು, ಅದಕ್ಕೇ ಭಾವನ ಕೈಗಡ, ಚೀಟಿ ಎತ್ತಿದ ಹಣ, ಹೊಲದ ಹತ್ತಿ ಮಾರಿದ ಹಣ, ಒಂದು ಖಾತೆಯಿಂದ ಇನ್ನೊಂದಕ್ಕೆ ತಾನೇ ಹಾಕಿಕೊಂಡದ್ದು. ಓಣಿಯ ಜನ ಎಟಿಎಂ ದೂರವೆಂದು "ಎರಡು ಸಾವಿರ ಹಾಕ್ತೀನಿ, ಕ್ಯಾಶ್ ಕೊಡ್ರಿ" ಎಂದು ಸ್ಕ್ಯಾನ್ ಮಾಡುವುದೂ ಅದಕ್ಕೇ. ದಿನಕ್ಕೆ ಇಂಥ ಎರಡು ಉಪಕಾರ ಮಾಡಿದರೆ ವರ್ಷಕ್ಕೆ 14.6 ಲಕ್ಷದ ಸುಳ್ಳು ವಹಿವಾಟು ಖಾತೆಯಲ್ಲಿ ಕೂಡುತ್ತದೆ. ಖಾನಾವಳಿಯವನಿಗೆ ಅದೊಂದೇ ಸಾಕು ಗೆರೆಯ ಹತ್ತಿರ ತಂದು ನಿಲ್ಲಿಸಲು.

ಹಾಗಾಗಿ ಅಂಗಡಿಗೆ ಬೇರೆ ಖಾತೆ, ಅದಕ್ಕೆ ಬೇರೆ ಕ್ಯೂಆರ್. ಮನೆಯ ಹಣಕ್ಕೆ ಮೊಬೈಲ್ ನಂಬರಿನ ಯುಪಿಐ ಇರಲಿ, ಆ ಹಾಳೆ ಗಲ್ಲಾದ ಮೇಲೆ ಬೇಡ. ವಹಿಯಲ್ಲಿ ದಿನಕ್ಕೊಂದು ಸಾಲು, ಐದು ಅಂಕಣ: ನಗದು ಮಾರಾಟ, ಕ್ಯೂಆರ್ ಮಾರಾಟ, ಕೊಟ್ಟ ಉದ್ರಿ, ವಸೂಲಾದ ಉದ್ರಿ, ವ್ಯಾಪಾರದ್ದಲ್ಲದ ಜಮೆ. ಉದ್ರಿಗೆ ಎರಡು ಅಂಕಣ ಬೇಕೇ ಬೇಕು. ಮಾರ್ಚ್‌ನಲ್ಲಿ ಕೊಟ್ಟ ಸರಕಿನ ದುಡ್ಡು ಮೇ ತಿಂಗಳಲ್ಲಿ ಬಂದರೆ ವಹಿವಾಟು ಮಾರ್ಚ್‌ನದೇ, ವರ್ಷವೇ ಬೇರೆಯಾಗುತ್ತದೆ. ಬಿಲ್ಲಿಂಗ್ ಯಂತ್ರ ಇಲ್ಲದ ಕಿರಾಣಿಯಲ್ಲಿ ತೆರಿಗೆ ಇರುವ–ಇಲ್ಲದ ಮಾರಾಟವನ್ನು ಗಲ್ಲಾದ ಬಳಿ ವಿಂಗಡಿಸುವುದು ಆಗದ ಮಾತು. ಖರೀದಿ ಚೀಟಿಗಳನ್ನು ಎರಡು ಕಟ್ಟು ಮಾಡಿ ಇಟ್ಟು, ಬಿಡಿ ಸರಕಿನ ಖರೀದಿಗೆ ತನ್ನ ಮಾರ್ಜಿನ್ ಕೂಡಿಸಿದರೆ ತೆರಿಗೆ ಇಲ್ಲದ ಮಾರಾಟದ ಮೊತ್ತ ಸಿಗುತ್ತದೆ.

ಕಾಗದ ಬಂದೇ ಬಿಟ್ಟರೆ

ಮೊದಲು ಅದು ನಿಜವಾದದ್ದೇ ನೋಡಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಆರ್‌ಎಫ್‌ಎನ್ ಸಂಖ್ಯೆ, ಅಂದರೆ ಕಾಗದದ ಮೇಲಿನ ಉಲ್ಲೇಖ ಸಂಖ್ಯೆ, ಪರಿಶೀಲಿಸುವ ಸೌಲಭ್ಯ ಇದೆ. ಸಂಖ್ಯೆ ಸಿಗದಿದ್ದರೆ ಕಾಗದ ಹಿಡಿದು ವಾಣಿಜ್ಯ ತೆರಿಗೆ ಕಚೇರಿಗೇ ಹೋಗಿ ಕೇಳುವುದು. ಫೋನಿನಲ್ಲಿ "ಇಷ್ಟು ಹಾಕಿ, ಕೇಸ್ ಮುಗಿಸ್ತೇವೆ" ಎಂದವರಿಗೆ ರೂಪಾಯಿಯೂ ಬೇಡ.

ನೋಟಿಸಿನಲ್ಲಿರುವುದು ಕೊನೆಯ ತೀರ್ಮಾನವಲ್ಲ, ಉತ್ತರ ಕೇಳುವ ಕಾಗದ. ಉತ್ತರ ಕೊಡದೆ ಗಡುವು ದಾಟಿಸಿದಾಗ ಮಾತ್ರ ಅವರ ಅಂದಾಜೇ ಆದೇಶವಾಗುತ್ತದೆ. ಅದರ ಮೇಲೆ ವರ್ಷಕ್ಕೆ ಶೇ 18 ಬಡ್ಡಿ, ದಂಡ ಬೇರೆ. ಕೇಳಿರುವ ಪ್ರತಿ ವರ್ಷಕ್ಕೂ ಏಪ್ರಿಲ್ 1ರಿಂದ ಮಾರ್ಚ್ 31ರ ತನಕದ ಖಾತೆಯ ವಿವರವನ್ನು ಬ್ಯಾಂಕಿನಿಂದ ಎಕ್ಸೆಲ್ ರೂಪದಲ್ಲಿ ತೆಗೆದುಕೊಳ್ಳಿ. ಮೊತ್ತದ ಪ್ರಕಾರ ಜೋಡಿಸಿ. ಕಿರಾಣಿ, ಚಾದಂಗಡಿಗಳಲ್ಲಿ ಐದು ಸಾವಿರ ದಾಟಿದ ಒಂದೇ ಜಮೆ ಸಾಮಾನ್ಯವಾಗಿ ಮಾರಾಟದ್ದಾಗಿರುವುದಿಲ್ಲ. ಮೇಲಿನ ಇನ್ನೂರು ಸಾಲುಗಳನ್ನು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ. ಪ್ರತಿ ದೊಡ್ಡ ಜಮೆಯ ಎದುರು ಯಾರು, ಏಕೆ ಎಂದು ಬರೆದು, ಆಧಾರ ಇಡಿ: ಸಾಲದ ಕಾಗದ, ಎಪಿಎಂಸಿ ಪಟ್ಟಿ, ಕೊಟ್ಟವರ ಸಹಿಯ ಪತ್ರ. ಉಳಿದದ್ದನ್ನು ಮಾರಾಟವೆಂದು ಒಪ್ಪಿ, ಖರೀದಿ ಚೀಟಿಯ ಆಧಾರದ ಮೇಲೆ ತೆರಿಗೆ ಇಲ್ಲದ್ದು, ಶೇ 5ರದ್ದು, ಹೆಚ್ಚಿನದ್ದು ಎಂದು ಒಂದು ಪುಟದ ಪಟ್ಟಿ ಮಾಡಿ ಲಿಖಿತ ಉತ್ತರ ಕೊಡಿ. ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಚೀಟಿಗಳೇ ಇಲ್ಲದಿದ್ದರೆ ಹೋಲ್‌ಸೇಲ್ ಅಂಗಡಿಯ ಖಾತೆಯ ಪ್ರತಿ ಕೇಳಿ. ಹೆಚ್ಚಿನವರು ಕೊಡುತ್ತಾರೆ, ಅವರದೂ ಕಚ್ಚಾ ವ್ಯಾಪಾರವಾಗಿದ್ದರೆ ಕೊಡುವುದಿಲ್ಲ.

ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಪಾನ್, ಆಧಾರ್, ಫೋಟೊ, ಬ್ಯಾಂಕ್ ವಿವರ, ಅಂಗಡಿ ಜಾಗದ ದಾಖಲೆ ಬೇಕು. ಅರ್ಜಿ ಸಿಕ್ಕಿಬೀಳುವುದು ಬಹುತೇಕ ಕೊನೆಯದರಲ್ಲೇ. ಹೆಸ್ಕಾಂ ಬಿಲ್ಲು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ, ಬಾಡಿಗೆ ಕರಾರು ಬಾಯಿಮಾತಿನದು, ಮಾಲೀಕ ತನಗೆ ತೆರಿಗೆ ಬಂದೀತೆಂದು ಸಹಿಗೆ ಒಲ್ಲೆ ಎನ್ನುತ್ತಾನೆ. ವಿದ್ಯುತ್ ಬಿಲ್ಲಿನ ಜೊತೆ ಮಾಲೀಕನ ಒಪ್ಪಿಗೆ ಪತ್ರ ಇದ್ದರೂ ನಡೆಯುತ್ತದೆ. ಇದನ್ನು ಮಿತಿ ದಾಟುವ ಮೊದಲೇ ಮಾಡಿಟ್ಟುಕೊಳ್ಳುವುದು ಲೇಸು, ಏಕೆಂದರೆ ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಿದವರಿಗೆ ಮಾತ್ರ ಅಂದು ಅಂಗಡಿಯಲ್ಲಿದ್ದ ಸರಕಿನ ಖರೀದಿ ತೆರಿಗೆ ಸಿಗುತ್ತದೆ; ಅದೂ ಸಾಮಾನ್ಯ ಜಿಎಸ್‌ಟಿ ಆಯ್ದುಕೊಂಡವರಿಗೆ.

ಗದ್ದಲದ ತಿಂಗಳಲ್ಲಿ ಹೆದರಿ ನೋಂದಣಿ ಮಾಡಿಸಿಕೊಂಡ ಕಾಯಿಪಲ್ಲೆ, ಹಾಲು, ರೊಟ್ಟಿಯವರೂ ಇದ್ದಾರೆ. ಅವರು ಗಮನಿಸಬೇಕಾದದ್ದು ಒಂದಿದೆ: ನಂಬರ್ ಜೀವಂತ ಇರುವ ತನಕ, ಕಟ್ಟಬೇಕಾದ ತೆರಿಗೆ ಶೂನ್ಯವಿದ್ದರೂ, ರಿಟರ್ನ್ ಹಾಕಲೇಬೇಕು. ಶೂನ್ಯ ರಿಟರ್ನ್ ತಡವಾದರೆ ದಿನಕ್ಕೆ 20 ರೂಪಾಯಿ, ಒಂದು ರಿಟರ್ನಿಗೆ 500ರ ತನಕ ಬೀಳುತ್ತದೆ. ಬೇಡವಾದರೆ ಆರ್‌ಇಜಿ-16ರಲ್ಲಿ ರದ್ದತಿಗೆ ಅರ್ಜಿ ಹಾಕಬೇಕು. ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಕೊಡಬೇಕು. ಕಾಂಪೊಸಿಷನ್‌ನವರಿಗೆ ಈ ಕೊನೆಯ ರಿಟರ್ನ್ ಬೇಕಿಲ್ಲ.